ಬೆಕ್ಕಿಗೆ ಹಸಿ ಮೀನು ಹಾಕುವ ಮುನ್ನ

ಕುಂದಾಪುರ: ಶಿರೂರಿನಿಂದ ಕೋಡಿಬೆಂಗ್ರೆವರೆಗೆ ಕರಾವಳಿಯುದ್ದಕ್ಕೂ ಸಾಕುಬೆಕ್ಕಿಗೆ ಸುಲಭವಾಗಿ ಸಿಗುವ ಆಹಾರ ಮೀನು. ಆದರೆ ಬೈಗೆಯನ್ನು (ಬೂತಾಯಿ) ನಿತ್ಯವೂ ಹಸಿಯಾಗಿಯೇ ಹಾಕುವುದು ಅಪಾಯಕಾರಿ. ಅದರಲ್ಲಿರುವ ಥಯಾಮಿನೇಸ್ ಎಂಬ ಕಿಣ್ವವು ಬಿ1 ಜೀವಸತ್ವವನ್ನು ನಾಶಪಡಿಸುತ್ತದೆ. ಕೊರತೆ ಮುಂದುವರಿದರೆ ಬೆಕ್ಕು ತೂರಾಡತೊಡಗಿ, ಸೆಳವಿಗೂ ತುತ್ತಾಗಬಹುದು. ಮೀನನ್ನು ಚೆನ್ನಾಗಿ ಬೇಯಿಸಿದರೆ ಈ ಕಿಣ್ವ ನಿಷ್ಕ್ರಿಯವಾಗುತ್ತದೆ. ಮನೆಯವರಿಗೆ ಮಾಡಿದ ಮೀನು ಸಾರು ಮಾತ್ರ ಬೇಡ. ಅದರಲ್ಲಿನ ಈರುಳ್ಳಿ, ಬೆಳ್ಳುಳ್ಳಿ ನಾಯಿ, ಬೆಕ್ಕುಗಳೆರಡಕ್ಕೂ ವಿಷ.

ಜೂನ್, ಜುಲೈ ತಿಂಗಳ 61 ದಿನ ಯಾಂತ್ರೀಕೃತ ಮೀನುಗಾರಿಕೆ ನಿಷೇಧವಿರುವಾಗ ಬೆಕ್ಕನ್ನು ಬರೀ ಹಾಲು-ಅನ್ನದಲ್ಲಿ ಸಾಕುವುದೂ ಸಲ್ಲದು. ಮಾಂಸ, ಮೀನಿನಲ್ಲಿರುವ ಟಾರಿನ್ ಅನ್ನದಲ್ಲಿಲ್ಲ. ಅದರ ಕೊರತೆಯಿಂದ ಬೆಕ್ಕಿನ ಹೃದಯ ದುರ್ಬಲಗೊಳ್ಳುವುದು 1987ರಲ್ಲೇ ದೃಢಪಟ್ಟಿದೆ, ಕಣ್ಣೂ ಕೆಡುತ್ತದೆ. ನಾಯಿಯ ಆಹಾರವನ್ನು ಬೆಕ್ಕಿಗೆ ಹಾಕಬಾರದೆನ್ನುವುದೂ ಇದೇ ಕಾರಣಕ್ಕೆ. ಪ್ಯಾಕೆಟ್ ಆಹಾರ ಕೊಳ್ಳುವವರು ಮುಂಬದಿಯ ಚಿತ್ರಕ್ಕೆ ಮರುಳಾಗದೆ, ಹಿಂಬದಿಯಲ್ಲಿ ‘ಕಂಪ್ಲೀಟ್’ ಎಂದಿದೆಯೇ, ಯಾವ ವಯಸ್ಸಿನ ಪ್ರಾಣಿಗೆಂದು ನಮೂದಾಗಿದೆ ಎಂಬುದನ್ನು ನೋಡಬೇಕು.