ನಿಮಗಿದು ಗೊತ್ತೆ?: ವಿಕಿರಣಕ್ಕೂ ಜಗ್ಗದ ಗಡ್ಡೆ

ಮಿದುಳಿನಲ್ಲೇ ಹುಟ್ಟುವ ಕ್ಯಾನ್ಸರ್‌ಗಳಲ್ಲಿ ಗ್ಲಿಯೊಬ್ಲಾಸ್ಟೊಮಾ ಅತಿ ಉಗ್ರ. ಶಸ್ತ್ರಚಿಕಿತ್ಸೆಯ ಬಳಿಕ ಸಾಮಾನ್ಯವಾಗಿ ಆರು ವಾರಗಳಲ್ಲಿ 60 ಗ್ರೇ ವಿಕಿರಣ ಕೊಟ್ಟರೂ ಅದು ಬಹುಪಾಲು ಮರಳಿ ಬರುತ್ತದೆ, ಅದೂ ಹೆಚ್ಚಾಗಿ ಮೊದಲಿದ್ದ ಜಾಗದ ಆಸುಪಾಸಿನಲ್ಲೇ!

ವಿಕಿರಣವು ಡಿಎನ್‌ಎ ಎಳೆಗಳನ್ನು ತುಂಡರಿಸಿ ಜೀವಕೋಶವನ್ನು ಕೊಲ್ಲುತ್ತದೆ. ಆದರೆ ಗಡ್ಡೆಯೊಳಗಿನ ಕಾಂಡಕೋಶಗಳು ಮಹಾ ಚಾಲಾಕಿ. ಏಟು ಬಿದ್ದೊಡನೆ ವಿಭಜನೆ ನಿಲ್ಲಿಸಿ, ತುಂಡಾದ ಎಳೆಗಳನ್ನು ಬೆಸೆದುಕೊಂಡು, ಆಮೇಲಷ್ಟೇ ಮುಂದುವರಿಯುತ್ತವೆ. ಇದನ್ನು 2006ರಲ್ಲಿ ತೋರಿಸಿಕೊಟ್ಟವರು ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು. ಈ ರಿಪೇರಿಗೆ ಸಮಯ ಕೊಡಿಸುವ ಚೆಕ್1, ಚೆಕ್2 ಎಂಬ ಕಿಣ್ವಗಳನ್ನು ತಡೆದಾಗ, ಪ್ರಯೋಗದಲ್ಲಿ ಅದೇ ಕೋಶಗಳು ವಿಕಿರಣಕ್ಕೆ ಮಣಿದವು.

ಇನ್ನೊಂದು ಕಾರಣ ಆಮ್ಲಜನಕದ ಕೊರತೆ. ವಿಕಿರಣದ ಗಾಯ ಕಾಯಂ ಆಗಲು ಆಮ್ಲಜನಕ ಬೇಕು. ರಕ್ತ ಸರಿಯಾಗಿ ತಲುಪದ ಗಡ್ಡೆಯ ಒಳಭಾಗದಲ್ಲಿ ಅದೇ ಕಡಿಮೆ.