ನಕ್ಷೆಯಿಲ್ಲದೆ ನೇಯುವ ಕಷ್ಕಾಯಿ ರತ್ನಗಂಬಳಿ

ಇರಾನಿನ ರತ್ನಗಂಬಳಿ ಎಂದೊಡನೆ ಕಾಶಾನ್, ಇಸ್ಫಹಾನ್‌ಗಳ ಹೆಸರು ಬರುತ್ತದೆ. ಅಲ್ಲಿ ಚೌಕುಳಿ ಕಾಗದದ ಮೇಲೆ ಬರೆದ ಚಿತ್ತಾರವನ್ನು ನೋಡಿ ನೇಯುತ್ತಾರೆ. ನೈಋತ್ಯದ ಫಾರ್ಸ್ ಪ್ರಾಂತ್ಯದ ದಾರಿಯೇ ಬೇರೆ. ಇಲ್ಲಿನ ಹೆಸರಾಂತ ನೇಕಾರರು ಕಷ್ಕಾಯಿ ಹೆಂಗಸರು. ತುರ್ಕಿ ಕುಲದ ಭಾಷೆಯನ್ನಾಡುವ ಇವರು, ಕುರಿಮಂದೆಯೊಡನೆ ಬೇಸಿಗೆಗೆ ಝಾಗ್ರೋಸ್ ಬೆಟ್ಟ ಹತ್ತಿ, ಚಳಿಗೆ ಪರ್ಷಿಯನ್ ಕೊಲ್ಲಿಯ ಕಡೆಯ ಬಯಲಿಗೆ ಇಳಿಯುತ್ತಿದ್ದ ಜನ.

ಮಗ್ಗವೆಂದರೆ ನೆಲಕ್ಕೆ ಹೊಡೆದ ಗೂಟಗಳು, ಎರಡು ಅಡ್ಡಮರ, ನಡುವೆ ಬಿಗಿದ ಹಾಸಿನ ಎಳೆಗಳು, ಅಷ್ಟೇ. ನೇದಷ್ಟು ಭಾಗದ ಮೇಲೇ ಕೂತು ನೇಕಾರಳು ಮುಂದಕ್ಕೆ ಸರಿಯುತ್ತಾಳೆ. ಬಣ್ಣದ ಉಣ್ಣೆಯನ್ನು ಎರಡು ಎಳೆಗೆ ಸುತ್ತಿ, ಕೆಳಕ್ಕೆ ಜಗ್ಗಿ, ಚಾಕುವಿನಿಂದ ಕತ್ತರಿಸುತ್ತಾಳೆ. ಮತ್ತೆ ಮುಂದಿನ ಗಂಟು. ಸಾಲು ತುಂಬಿದ ಮೇಲೆ ಹೊಕ್ಕು ಹಾಯಿಸಿ, ಭಾರದ ಹಣಿಗೆಯಿಂದ ಬಡಿದು ಕೂರಿಸುತ್ತಾಳೆ. ಎದುರಿಗೆ ಯಾವ ನಕ್ಷೆಯೂ ಇಲ್ಲ. ಅಮ್ಮನ ಪಕ್ಕ ಕೂತು ಕಲಿತದ್ದು, ಹಾದಿಯಲ್ಲಿ ಕಂಡ ಮರ, ಮೇಕೆ, ಹೂವು ಎಲ್ಲ ಬೆರಳಿಗೆ ಬರುತ್ತವೆ. ಅದಕ್ಕೇ ಒಂದರಂತೆ ಇನ್ನೊಂದು ಗಂಬಳಿ ಇರುವುದಿಲ್ಲ.

ಬಣ್ಣಕ್ಕೆ ಮಂಜಿಷ್ಠದ ಬೇರು, ನೀಲಿಗಿಡ, ದಾಳಿಂಬೆ ಮತ್ತು ಅಕ್ರೋಟಿನ ಸಿಪ್ಪೆ. ಉಣ್ಣೆಯನ್ನು ಸ್ವಲ್ಪಸ್ವಲ್ಪವೇ ಅದ್ದುವುದರಿಂದ ಒಂದು ಸಲದ ಕೆಂಪು ಮುಂದಿನ ಸಲಕ್ಕೆ ತುಸು ಬೇರೆಯಾಗಿ, ಗಂಬಳಿಯಲ್ಲಿ ಪಟ್ಟೆಯಾಗಿ ಕಾಣುತ್ತದೆ. ಇದು ಅಬ್ರಾಶ್. ಹೊರಡುವ ದಿನ ಬಂದರೆ ಅರ್ಧ ನೇದದ್ದನ್ನೇ ಸುತ್ತಿಕೊಂಡು ಹೋಗಿ ಹೊಸ ನೆಲದಲ್ಲಿ ಬಿಗಿಯಬೇಕು, ಅಗಲ ಏರುಪೇರಾಗುತ್ತದೆ. ಇವನ್ನು ದೋಷವೆಂದು ಬೆಲೆ ಇಳಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಆ ಬದುಕಿನ ಓಡಾಟವೆಲ್ಲ ಅಚ್ಚೊತ್ತಿರುವುದೇ ಅಲ್ಲಿ.

ಇವರದೇ ಇನ್ನೊಂದು ಬಗೆ ಗಬ್ಬೆ. ದಪ್ಪ ಉಣ್ಣೆಯ, ಮೆತ್ತನೆಯ ಈ ಹಾಸು ಮೊದಲು ಗುಡಾರದಲ್ಲಿ ಮಲಗಲಿಕ್ಕೆಂದೇ ಇದ್ದದ್ದು, ಸಂತೆಗಲ್ಲ. ಇರಾನಿನ ನಿರ್ದೇಶಕ ಮೊಹ್ಸೆನ್ ಮಖ್ಮಲ್ಬಾಫ್ 1996ರಲ್ಲಿ ಇದರ ಹೆಸರಿನಲ್ಲೇ ಸಿನಿಮಾ ಮಾಡಿದರು.

1930ರ ದಶಕದಲ್ಲಿ ಇರಾನಿನ ದೊರೆ ರೆಜಾ ಶಾ ಬಲವಂತದಿಂದ ಅಲೆಮಾರಿಗಳನ್ನು ಒಂದೆಡೆ ನಿಲ್ಲಿಸಿದ. ಇಂದು ಬಹಳ ಮಂದಿ ಊರು ಸೇರಿದ್ದಾರೆ. ಮಗ್ಗ ಮಾತ್ರ ಜೊತೆಗೇ ಬಂದಿದೆ. 2010ರಲ್ಲಿ ಯುನೆಸ್ಕೊ ಫಾರ್ಸ್‌ನ ನೇಯ್ಗೆಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಪೇಟೆಯಲ್ಲಿ ಕಷ್ಕಾಯಿ ಗಂಬಳಿಗಳು ಹೆಚ್ಚಾಗಿ ಫಾರ್ಸ್‌ನ ಮುಖ್ಯ ಪಟ್ಟಣದ ಹೆಸರಿನಲ್ಲಿ, ಶಿರಾಜ್ ಗಂಬಳಿ ಎಂದೇ ಮಾರಾಟವಾಗುತ್ತವೆ. ಕೊಳ್ಳುವ ಮುನ್ನ ಮಗುಚಿ ನೋಡಿ: ಕೈನೇಯ್ಗೆಯಾದರೆ ಬೆನ್ನಿನಲ್ಲೂ ಗಂಟುಗಳು ಕಾಣುತ್ತವೆ, ತುದಿಯ ಕುಚ್ಚು ಆಮೇಲೆ ಹೊಲಿದದ್ದಾಗಿರದೆ ಹಾಸಿನ ಎಳೆಯೇ ಆಗಿರುತ್ತದೆ.