ಕೋಪ-ತಾಪಗಳಿಗೂ ಒಂದು ತರಗತಿ

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎಂದು ನಮ್ಮ ಹಿರಿಯರು ಕೇಳುತ್ತಿದ್ದರು. ಮಾತು ನಿಜ. ಆದರೆ ಸಿಟ್ಟು ನೆತ್ತಿಗೇರಿದ ಆ ಗಳಿಗೆಯಲ್ಲಿ ಮಾಡಬೇಕಾದ್ದೇನು? “ಸಮಾಧಾನ ಮಾಡಿಕೋ” ಎನ್ನುವವರು ಬಹಳ. ಹೇಗೆಂದು ಹೇಳಿಕೊಡುವವರು ವಿರಳ. ಅಡುಗೆ, ಹೊಲಿಗೆ, ಸಂಗೀತಗಳನ್ನು ಕ್ರಮವಾಗಿ ಕಲಿಯುವ ನಾವು ಮನಸ್ಸಿನ ವಿಷಯವನ್ನು ಮಾತ್ರ ಹುಟ್ಟುಗುಣವೆಂದು ಬಿಟ್ಟುಬಿಡುತ್ತೇವೆ.

ಇದನ್ನೂ ಕಲಿಸಬಹುದೆಂದು ತೋರಿಸಿಕೊಟ್ಟವರು ಅಮೆರಿಕದ ಸಿಯಾಟಲ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ಮಾರ್ಷಾ ಲಿನೆಹನ್. ಬದುಕೇ ಬೇಡವೆನ್ನುವಷ್ಟು ನೊಂದವರಿಗಾಗಿ ಅವರು ರೂಪಿಸಿದ ಚಿಕಿತ್ಸೆಗೆ ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ, ಚಿಕ್ಕದಾಗಿ ಡಿ.ಬಿ.ಟಿ., ಎಂದು ಹೆಸರು. ಅದರ ಪುಸ್ತಕ 1993ರಲ್ಲಿ ಪ್ರಕಟವಾಯಿತು. ಹದಿಹರೆಯದಲ್ಲಿ ತಾವೂ ಇಂಥದೇ ಸಂಕಟದಿಂದ ಎರಡು ವರ್ಷಕ್ಕೂ ಹೆಚ್ಚು ಕಾಲ ಮಾನಸಿಕ ಆಸ್ಪತ್ರೆಯಲ್ಲಿದ್ದುದನ್ನು ಆಕೆ 2011ರಲ್ಲಿ ಬಹಿರಂಗವಾಗಿ ಹೇಳಿದರು.

ಈ ಚಿಕಿತ್ಸೆಯ ಮುಖ್ಯ ಭಾಗವೇ ಗುಂಪು ತರಬೇತಿ. ವಾರಕ್ಕೊಮ್ಮೆ ಎರಡು-ಎರಡೂವರೆ ಗಂಟೆ. ಒಂದು ಸುತ್ತಿಗೆ ಸುಮಾರು 24 ವಾರ. ಮನೆಯ ಗೋಳನ್ನೆಲ್ಲ ಅಲ್ಲಿ ತೋಡಿಕೊಳ್ಳಬೇಕಿಲ್ಲ. ಶಾಲೆಯಂತೆ ಪಾಠ, ಹೋಂವರ್ಕ್, ಮರುವಾರ ಅದರ ವಿಚಾರಣೆ. ಕಲಿಸುವ ವಿದ್ಯೆಗಳು ನಾಲ್ಕು: ಈ ಕ್ಷಣದಲ್ಲಿ ಎಚ್ಚರದಿಂದಿರುವುದು, ಸಂಕಟವನ್ನು ಇನ್ನಷ್ಟು ಕೆಡಿಸಿಕೊಳ್ಳದೆ ತಾಳುವುದು, ಭಾವನೆಯನ್ನು ಹದಕ್ಕೆ ತರುವುದು, ಸಂಬಂಧ ಕೆಡದಂತೆ ನಮಗೆ ಬೇಕಾದ್ದನ್ನು ಕೇಳುವುದು. ಮೊದಲನೆಯದಕ್ಕೆ ಝೆನ್ ಧ್ಯಾನವೇ ಮೂಲ. ಧ್ಯಾನ ನಮಗೇನು ಹೊಸತೇ!

ಒಂದು ಉದಾಹರಣೆ ನೋಡಿ. ಮಗಳು ಕಾಲೇಜಿನಿಂದ ಕುಷಾಯಿಗೂಡದ ಮನೆಗೆ ಬರಲು ಎರಡು ಗಂಟೆ ತಡ. ಫೋನೂ ಇಲ್ಲ. ನಿಮ್ಮ ಎದೆ ಡವಗುಟ್ಟುತ್ತಿದೆ, ಬಾಯಲ್ಲಿ ಬೈಗುಳ ಸಿದ್ಧವಾಗಿದೆ. ಮೊದಲು ದೇಹವನ್ನು ತಣಿಸಿ. ಮುಖವನ್ನು ತಣ್ಣೀರಿನಲ್ಲಿ ಕೆಲವು ಸೆಕೆಂಡು ಮುಳುಗಿಸಿ ಉಸಿರು ಬಿಗಿಹಿಡಿದರೆ ಎದೆಬಡಿತ ನಿಧಾನವಾಗುತ್ತದೆ. ಹೃದ್ರೋಗವಿದ್ದವರು ಇದನ್ನು ವೈದ್ಯರನ್ನು ಕೇಳದೆ ಮಾಡಬಾರದು. ಅವರಿಗೆ ಉಸಿರಾಟ ಸಾಕು. ನಾಲ್ಕು ಎಣಿಸುತ್ತ ಒಳಕ್ಕೆ, ಆರು ಎಣಿಸುತ್ತ ಹೊರಕ್ಕೆ.

ಬಳಿಕ ನಡೆದದ್ದೇನು, ಊಹಿಸಿದ್ದೇನು ಎಂದು ಬೇರ್ಪಡಿಸಿ. ನಡೆದದ್ದು ತಡವಾದದ್ದಷ್ಟೇ. “ಅವಳಿಗೆ ನಮ್ಮ ಮೇಲೆ ಲಕ್ಷ್ಯವೇ ಇಲ್ಲ” ಎಂಬುದು ಊಹೆ. ಬಸ್ಸು ಸಿಗದಿದ್ದಿರಬಹುದು, ಫೋನಿನ ಚಾರ್ಜು ಮುಗಿದಿರಬಹುದು.

ಕೊನೆಗೆ ಮಾತು. “ನೀನು ಯಾವಾಗಲೂ ಹೀಗೇ” ಎನ್ನಬೇಡಿ. “ಎಂಟು ಗಂಟೆಯಾದರೂ ನೀನು ಬರಲಿಲ್ಲ, ನನಗೆ ಗಾಬರಿಯಾಯಿತು ಕಣೇ. ತಡವಾದರೆ ಯಾರ ಫೋನಿನಿಂದಾದರೂ ಒಂದು ಮಾತು ತಿಳಿಸು. ನಾನೂ ಪದೇ ಪದೇ ಫೋನ್ ಮಾಡಿ ಪೀಡಿಸುವುದಿಲ್ಲ” ಎನ್ನಿ. ನಡೆದದ್ದು, ನಿಮಗೆ ಅನಿಸಿದ್ದು, ನಿಮಗೆ ಬೇಕಾದ್ದು, ಅದರಿಂದ ಅವಳಿಗೆ ಆಗುವ ಅನುಕೂಲ ಎಲ್ಲವೂ ಅದರಲ್ಲಿ ಬಂದವು. ಮೊದಲ ಸಲಕ್ಕೇ ಇದು ಬಾಯಿಗೆ ಬರುವುದಿಲ್ಲ. ಅದಕ್ಕೇ ಗುಂಪಿನಲ್ಲಿ ಒಬ್ಬರು ತಾಯಿಯಾಗಿ, ಒಬ್ಬರು ಮಗಳಾಗಿ ಆಡಿ ಅಭ್ಯಾಸ ಮಾಡುವುದು.

ಇದು ದೊಡ್ಡವರ ಜಗಳಕ್ಕೆ ಮಾತ್ರ ಸಂಬಂಧಿಸಿದ್ದಲ್ಲ. 2019ರ ಏಪ್ರಿಲ್‌ನಲ್ಲಿ ಇಂಟರ್‌ಮೀಡಿಯೆಟ್ ಫಲಿತಾಂಶ ಬಂದಾಗ ನಮ್ಮ ತೆಲಂಗಾಣದಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಪ್ರಾಣ ಕಳೆದುಕೊಂಡದ್ದನ್ನು ಯಾವ ತಾಯಿ ಮರೆತಾಳು? ಗಣಿತ, ಭೌತಶಾಸ್ತ್ರಗಳಿಗೆ ಟ್ಯೂಷನ್ ಇಡಿಸುವ ನಾವು, ದುಃಖ ಉಕ್ಕಿ ಬಂದ ಒಂದು ರಾತ್ರಿಯನ್ನು ದಾಟುವ ಬಗೆಯನ್ನೂ ಅವರಿಗೆ ಕಲಿಸಬೇಡವೇ?

ಹಾಗೆಂದು ಲೇಖನ ಓದಿ ಚಿಕಿತ್ಸೆ ನಡೆಸಲಾಗದು. ಸಂಘದ ಮಹಿಳಾ ವಿಭಾಗದವರು ತರಬೇತಿ ಪಡೆದ ಮನಶ್ಶಾಸ್ತ್ರಜ್ಞರೊಬ್ಬರನ್ನು ಕರೆಸಿ ಕೆಲವು ಭಾನುವಾರ ಈ ಪಾಠಗಳನ್ನು ಏರ್ಪಡಿಸಿದರೆ ಒಳ್ಳೆಯ ಆರಂಭವಾದೀತು. ಮಕ್ಕಳನ್ನೂ ಕರೆತನ್ನಿ. ಮನೆಯಲ್ಲಿ ಯಾರಾದರೂ ಸಾಯುವ ಮಾತನಾಡಿದರೆ ಹುಡುಗಾಟವೆಂದು ತಳ್ಳಿಹಾಕಬೇಡಿ, ಒಂಟಿಯಾಗಿ ಬಿಡಬೇಡಿ, ತಡಮಾಡದೆ ವೈದ್ಯರಿಗೆ ತೋರಿಸಿ. 2022ರ ಅಕ್ಟೋಬರ್ 10ರಂದು ಆರಂಭವಾದ, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮಾರ್ಗದರ್ಶನದ ಸರ್ಕಾರಿ ಸಹಾಯವಾಣಿ ‘ಟೆಲಿ ಮಾನಸ್’ ಹಗಲು-ರಾತ್ರಿ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲೂ ಮಾತನಾಡಬಹುದು. ಸಂಖ್ಯೆ 14416. ಹಾಲಿನವನ, ಗ್ಯಾಸಿನವನ ನಂಬರುಗಳ ಪಕ್ಕದಲ್ಲೇ ಇದನ್ನೂ ಬರೆದಿಡಿ.